ಇ-ರೀಡರ್ ಕೊಳ್ಳುವ ಮುನ್ನ ಪುಸ್ತಕ ಹುಡುಕಿ

ಇ-ರೀಡರ್ ಕೊಳ್ಳಲು ಹೊರಟವರ ಪ್ರಶ್ನೆಗಳೆಲ್ಲ ಯಂತ್ರದ ಸುತ್ತಲೇ ಇರುತ್ತವೆ. ಸ್ಕ್ರೀನ್ ಎಷ್ಟು ಇಂಚು, ಬ್ಯಾಟರಿ ಎಷ್ಟು ದಿನ ಬರುತ್ತದೆ, ನೀರು ಬಿದ್ದರೆ ಕೆಡುತ್ತದೆಯೇ, ರಾತ್ರಿ ಓದಲು ಹಳದಿ ಬೆಳಕು ಇದೆಯೇ, ಬಣ್ಣದ ಮಾದರಿ ಬಂದಿದೆಯಂತಲ್ಲ ಅದು ಹೇಗೆ ಎಂದು ವಿಚಾರಿಸುತ್ತಾರೆ. ಜಾಹೀರಾತುಗಳೂ ಯೂಟ್ಯೂಬಿನ ವಿಮರ್ಶೆಗಳೂ ಇದೇ ಜಾಡು ಹಿಡಿದಿವೆ. ಇಂಗ್ಲಿಷ್ ಪುಸ್ತಕಗಳನ್ನಷ್ಟೇ ಓದುವವರಿಗೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಅವರು ಯಾವ ಯಂತ್ರ ಕೊಂಡರೂ ಅದಕ್ಕೆ ತುಂಬಲು ಪುಸ್ತಕದ ಬರವಿಲ್ಲ. ಕನ್ನಡದಲ್ಲಿ ಓದಬೇಕೆಂಬ ಆಸೆಯಿಂದ ಹೊರಟವರ ಸ್ಥಿತಿ ಬೇರೆ. ಒಳ್ಳೆಯ ಯಂತ್ರವನ್ನೇ ತಂದು, ಅದರ ಅಂಗಡಿಯಲ್ಲಿ ಕನ್ನಡ ಪುಸ್ತಕ ಹುಡುಕಿ ಸಿಗದೆ, ಸಿಕ್ಕ ಪಿಡಿಎಫ್ ಹಾಕಿದರೆ ಅಕ್ಷರ ಇರುವೆಯಷ್ಟಾಗಿ ಕಂಡು, ಕೊನೆಗೆ ಅದನ್ನು ಕಪಾಟಿಗೆ ಸೇರಿಸುತ್ತಾರೆ. ಇದು ಯಂತ್ರದ ದೋಷವಲ್ಲ, ಆಯ್ಕೆಯ ಕ್ರಮ ತಲೆಕೆಳಗಾದದ್ದರ ಫಲ. ಕನ್ನಡ ಓದುಗರು ಮೊದಲು ನೋಡಬೇಕಾದದ್ದು ತಮಗೆ ಬೇಕಾದ ಪುಸ್ತಕಗಳು ಎಲ್ಲಿವೆ, ಯಾವ ರೂಪದಲ್ಲಿವೆ ಎಂಬುದನ್ನು. ಅದು ತಿಳಿದರೆ ಯಾವ ಯಂತ್ರ ಬೇಕೆಂಬುದು ಬಹುಪಾಲು ತಾನಾಗಿ ತೀರ್ಮಾನವಾಗುತ್ತದೆ.

ಯಂತ್ರದ ಪ್ರಶ್ನೆಗಳನ್ನು ಎರಡನೆಯ ಸಾಲಿಗೆ ತಳ್ಳಲು ಕಾರಣವಿದೆ. ಕಿಂಡಲ್, ಕೋಬೋ, ಪಾಕೆಟ್‌ಬುಕ್, ಬೂಕ್ಸ್ ಎಂದು ಹೆಸರು ನಾಲ್ಕಾದರೂ ಇವುಗಳ ಸ್ಕ್ರೀನ್ ಬಹುಮಟ್ಟಿಗೆ ಒಂದೇ ಕಡೆಯಿಂದ, ಇ ಇಂಕ್ ಎಂಬ ಕಂಪನಿಯಿಂದ ಬರುತ್ತದೆ. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ನಡೆದ ಸಂಶೋಧನೆ 1997ರಲ್ಲಿ ಕಂಪನಿಯಾಯಿತು. 2009ರಲ್ಲಿ ತೈವಾನಿನ ಸಂಸ್ಥೆಯೊಂದು ಅದನ್ನು ಕೊಂಡಿತು. ಈ ಸ್ಕ್ರೀನಿನೊಳಗೆ ಕೂದಲೆಳೆಯ ದಪ್ಪದ ಅಸಂಖ್ಯಾತ ಗುಳಿಗೆಗಳಿರುತ್ತವೆ. ಒಂದೊಂದರಲ್ಲೂ ಬಿಳಿ ಮತ್ತು ಕಪ್ಪು ಕಣಗಳು, ಒಂದಕ್ಕೊಂದು ವಿರುದ್ಧವಾದ ವಿದ್ಯುತ್ ಆವೇಶ ಹೊತ್ತು ದ್ರವದಲ್ಲಿ ತೇಲುತ್ತಿರುತ್ತವೆ. ವಿದ್ಯುತ್ ಹರಿಸಿದಾಗ ಒಂದು ಬಣ್ಣ ಮೇಲೇಳುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ; ಹರಿವು ನಿಂತ ಮೇಲೂ ಕಣಗಳು ಇದ್ದಲ್ಲೇ ಉಳಿಯುತ್ತವೆ. ಪುಟ ತಿರುಗಿಸುವಾಗಷ್ಟೇ ವಿದ್ಯುತ್ ಖರ್ಚಾಗುವುದರಿಂದ ಬ್ಯಾಟರಿ ವಾರಗಟ್ಟಲೆ ಬಾಳುತ್ತದೆ. ಕಾಗದದಂತೆ ಹೊರಗಿನ ಬೆಳಕನ್ನೇ ಪ್ರತಿಫಲಿಸುವುದರಿಂದ ನೆತ್ತಿಯ ಮೇಲಿನ ಬಿಸಿಲಿನಲ್ಲೂ ಅಕ್ಷರ ಸ್ಪಷ್ಟ. 2004ರಲ್ಲಿ ಜಪಾನಿನಲ್ಲಿ ಸೋನಿ ಕಂಪನಿ ಇಂಥ ಸ್ಕ್ರೀನಿನ ಓದುಯಂತ್ರವನ್ನು ಮೊದಲು ಮಾರುಕಟ್ಟೆಗೆ ತಂದಿತು. 2007ರ ನವೆಂಬರಿನಲ್ಲಿ ಅಮೆಜಾನಿನ ಕಿಂಡಲ್ ಬಂತು. ಒಂದು ಕಾಲಕ್ಕೆ ದುಬಾರಿ ಮಾದರಿಗಳಲ್ಲಷ್ಟೇ ಇದ್ದ ಇಂಚಿಗೆ 300 ಚುಕ್ಕೆಗಳ ಸ್ಪಷ್ಟತೆ 2022ರ ಹೊತ್ತಿಗೆ ಅತಿ ಅಗ್ಗದ ಕಿಂಡಲ್‌ಗೂ ಇಳಿಯಿತು. ಕಣ್ಣಿಗೆ ಹಿತವಾಗಿದೆಯೇ ಎಂಬ ಪ್ರಶ್ನೆಗೆ ಇವತ್ತು ಯಾವ ಹೆಸರಾಂತ ಯಂತ್ರವನ್ನು ಹಿಡಿದರೂ ಉತ್ತರ ಹೌದು ಎಂದೇ. ಬಣ್ಣದ ಸ್ಕ್ರೀನ್ ಮಕ್ಕಳ ಪುಸ್ತಕ, ಕಾಮಿಕ್ಸ್, ನಕಾಶೆಗಳಿಗೆ ಉಪಯೋಗವಾದೀತು. ಅದರ ಹಿನ್ನೆಲೆ ತುಸು ಮಂಕಾಗಿರುತ್ತದೆ, ಬಣ್ಣದ ಸ್ಪಷ್ಟತೆ ಕಪ್ಪು ಅಕ್ಷರದ ಅರ್ಧದಷ್ಟೇ. ಕಾದಂಬರಿ ಓದುವವರು ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ಇಷ್ಟಾದರೂ ಬೇರೆ ಯಂತ್ರವೇಕೆ, ಕೈಯಲ್ಲಿ ಮೊಬೈಲ್ ಇದೆಯಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕನ್ನಡದ ಇ-ಪುಸ್ತಕಗಳು ಹೆಚ್ಚಾಗಿ ಓದಿಸಿಕೊಳ್ಳುತ್ತಿರುವುದು ಮೊಬೈಲಿನಲ್ಲೇ. ಕಥೆ, ಅಂಕಣ, ಬಿಡಿ ಪ್ರಬಂಧಕ್ಕೆ ಅದು ಸಾಕು. ಮುನ್ನೂರು ಪುಟದ ಕಾದಂಬರಿಗೂ ಸಾಕೇ ಎಂದು ತಿಳಿಯಲು ಸ್ಕ್ರೀನಿನ ಓದಿನ ಬಗೆಗಿನ ಅಧ್ಯಯನಗಳನ್ನು ನೋಡಬೇಕು. 2018ರಲ್ಲಿ ಸ್ಪೇನ್ ಮತ್ತು ಇಸ್ರೇಲಿನ ಸಂಶೋಧಕರು 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಭಾಗವಹಿಸಿದವರು 1 ಲಕ್ಷ 70 ಸಾವಿರಕ್ಕೂ ಹೆಚ್ಚು ಮಂದಿ. ಮಾಹಿತಿಪ್ರಧಾನ ಬರಹವನ್ನು, ಅದರಲ್ಲೂ ಸಮಯದ ಒತ್ತಡದಲ್ಲಿ ಓದುವಾಗ, ಕಾಗದದಲ್ಲಿ ಓದಿದವರ ಗ್ರಹಿಕೆ ಹೆಚ್ಚು. ಕಥನಕ್ಕೆ ಬಂದರೆ ಆ ವ್ಯತ್ಯಾಸ ಕಾಣಲಿಲ್ಲ. ಇದು ಎಲ್ಲ ಬಗೆಯ ಸ್ಕ್ರೀನುಗಳ ಮಾತು. ಇ ಇಂಕ್ ಸ್ಕ್ರೀನನ್ನೇ ಮುಂದಿಟ್ಟುಕೊಂಡು ನಾರ್ವೆಯ ಆನ್ ಮಾಂಗೆನ್ ಮತ್ತು ಸಂಗಡಿಗರು 2019ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 50 ಓದುಗರಲ್ಲಿ ಅರ್ಧ ಜನಕ್ಕೆ ಒಂದು ನೀಳ್ಗತೆಯನ್ನು ಪುಸ್ತಕವಾಗಿ, ಉಳಿದವರಿಗೆ ಕಿಂಡಲ್‌ನಲ್ಲಿ ಕೊಟ್ಟರು. ಬಹುತೇಕ ಪರೀಕ್ಷೆಗಳಲ್ಲಿ ಎರಡೂ ಗುಂಪು ಸಮ ಬಂದವು. ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಕೇಳಿದಾಗ ಮಾತ್ರ ಪುಸ್ತಕ ಹಿಡಿದವರು ಮುಂದಿದ್ದರು. ಎಡಗೈಯಲ್ಲಿ ಓದಿದ ಪುಟಗಳ ದಪ್ಪ, ಬಲಗೈಯಲ್ಲಿ ಉಳಿದ ಪುಟಗಳ ದಪ್ಪ ಬೆರಳಿಗೆ ತಿಳಿಯುವುದು ಇದಕ್ಕೆ ಕಾರಣವಿರಬಹುದೆಂದು ಅವರ ಊಹೆ. ಇವೆರಡನ್ನೂ ಸೇರಿಸಿ ನೋಡಿದರೆ ಇ-ರೀಡರಿನ ಜಾಗ ಗೊತ್ತಾಗುತ್ತದೆ. ಪಠ್ಯಪುಸ್ತಕ, ಪರೀಕ್ಷೆಯ ಓದಿಗೆ ಕಾಗದವೇ ಮೇಲು. ಕಾದಂಬರಿ, ಆತ್ಮಕಥೆ, ಪ್ರವಾಸಕಥನಕ್ಕೆ ಇ-ರೀಡರ್ ಕಾಗದಕ್ಕೆ ಹತ್ತಿರ ನಿಲ್ಲುತ್ತದೆ. ವಾಟ್ಸ್ಆ್ಯಪ್ ಸಂದೇಶ ಬಂದು ಓದು ಮುರಿಯುವುದಿಲ್ಲ ಎಂಬುದು ಪ್ರಯೋಗಶಾಲೆಗೆ ಹೋಗದೆಯೇ ತಿಳಿಯುವ ಲಾಭ.

ಇನ್ನು ಪುಸ್ತಕಗಳ ಕಡೆಗೆ. 2016ರ ಕೊನೆಯಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ಆರಂಭಿಸಿದಾಗ ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ ಈ ಐದೇ ಭಾಷೆಗಳಿದ್ದವು. ಕನ್ನಡ ಇರಲಿಲ್ಲ, ತೆಲುಗು, ಬಂಗಾಳಿಗಳೂ ಇರಲಿಲ್ಲ. ನಮ್ಮ ಪ್ರಕಾಶಕರು ಮತ್ತು ಓದುಗರು ದಾರಿ ಬದಲಿಸಬೇಕಾಯಿತು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕಗಳು ಬಂದವು. 2020ರಲ್ಲಿ ಶುರುವಾದ ಮೈಲ್ಯಾಂಗ್ ಕನ್ನಡದ ಇ-ಪುಸ್ತಕ ಮತ್ತು ಆಡಿಯೊ ಪುಸ್ತಕಗಳನ್ನೇ ಮುಖ್ಯವಾಗಿಟ್ಟುಕೊಂಡಿತು. ವಿವಿಡ್‌ಲಿಪಿಯಂಥ ಇನ್ನೂ ಕೆಲವು ಪ್ರಯತ್ನಗಳು ನಡೆದವು. ಡಲ್ಲಾಸಿನಲ್ಲೋ ದುಬೈಯಲ್ಲೋ ಇರುವ ಕನ್ನಡಿಗರಿಗೆ, ಪುಸ್ತಕದ ಬೆಲೆಗಿಂತ ಅಂಚೆ ವೆಚ್ಚವೇ ಹೆಚ್ಚಾಗುವ ಸಂಕಟದಿಂದ ಇವು ಬಿಡುಗಡೆ ಕೊಟ್ಟವು. ಆದರೆ ಇವೆಲ್ಲ ಮುಖ್ಯವಾಗಿ ಮೊಬೈಲ್ ಆ್ಯಪ್‌ಗಳು. ಆ್ಯಪ್ ಹಾಕಿಕೊಳ್ಳಲಾಗದ ಇ-ರೀಡರಿಗೆ ಈ ಅಂಗಡಿಗಳ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಹೊಸ ಕನ್ನಡ ಪುಸ್ತಕಗಳನ್ನು ದುಡ್ಡು ಕೊಟ್ಟು, ಲೇಖಕರಿಗೆ ಗೌರವಧನ ಸಲ್ಲುವಂತೆ ಓದಬೇಕೆನ್ನುವವರು ಆಂಡ್ರಾಯ್ಡ್ ಇರುವ ಇ-ರೀಡರನ್ನೇ ನೋಡಬೇಕಾಗುತ್ತದೆ. ಯಂತ್ರದ ಆಯ್ಕೆಯಲ್ಲಿ ಪುಸ್ತಕ ಹಾಕುವ ಮೊದಲ ಷರತ್ತು ಇದು.

ಎರಡನೆಯ ಷರತ್ತು ಹಳೆಯ ಪುಸ್ತಕಗಳದ್ದು. ಈ ಭಂಡಾರ ಎಷ್ಟು ದೊಡ್ಡದು ಎಂಬುದು ಬಹಳ ಓದುಗರಿಗೆ ತಿಳಿದಿಲ್ಲ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಯೋಜನೆ ಹೂಡಿದಾಗ, ಭಾರತದಲ್ಲಿ ಅದರ ಹೊಣೆ ಹೊತ್ತದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಹೆಸರಿನಲ್ಲಿ ದೇಶದ ಹಲವು ಗ್ರಂಥಾಲಯಗಳ ಪುಸ್ತಕಗಳು ಪುಟಪುಟವಾಗಿ ಚಿತ್ರಗಳಾದವು. ಮುಂದೆ ಆ ತಾಣ ಮುಚ್ಚಿತು. ಅದರಲ್ಲಿದ್ದ ಬಹುಭಾಗ ಅಷ್ಟರಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲಭಂಡಾರವನ್ನು ಸೇರಿಕೊಂಡಿತ್ತು. ಬೆಂಗಳೂರಿನಲ್ಲಿ ಸ್ವಯಂಸೇವಕರು ಕಟ್ಟಿದ ಸರ್ವೆಂಟ್ಸ್ ಆಫ್ ನಾಲೆಜ್ ಸಂಗ್ರಹವೂ ಅಲ್ಲೇ ಬೆಳೆಯುತ್ತಿದೆ. ಹಳೆಯ ಮಾಸಪತ್ರಿಕೆಗಳು, ಅಚ್ಚಿನಿಂದ ಹೋದ ಶಾಸ್ತ್ರಗ್ರಂಥಗಳು, ಮಕ್ಕಳ ಪುಸ್ತಕಗಳು ಅದರಲ್ಲಿವೆ. ಹುಡುಕುವವರಿಗೆ ಒಂದು ಸೂಚನೆ: ಡಿಜಿಟಲ್ ಲೈಬ್ರರಿಯಿಂದ ಬಂದ ಪುಸ್ತಕಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ಎಷ್ಟೋ ಸಲ ಕಾಗುಣಿತ ತಪ್ಪಿ, ದಾಖಲಿಸಲಾಗಿದೆ. ಕನ್ನಡದಲ್ಲಿ ಹೆಸರು ಹೊಡೆದು ಏನೂ ಸಿಗದಿದ್ದರೆ ಇಲ್ಲವೆಂದು ತಿಳಿಯಬಾರದು. ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ನಾಲ್ಕು ಬಗೆಯಾಗಿ ಬರೆದು ನೋಡಬೇಕು, ಲೇಖಕರ ಹೆಸರಿನಿಂದಲೂ ನೋಡಬೇಕು. ಇಂಟರ್ನೆಟ್ ಆರ್ಕೈವ್ ಇಂಥ ಪುಸ್ತಕಗಳಿಗೆ ಕಂಪ್ಯೂಟರ್ ತಾನಾಗಿ ತಯಾರಿಸಿದ, ಇಪಬ್ ಎಂಬ ಇ-ಪುಸ್ತಕ ರೂಪದ ಕಡತವನ್ನೂ ಕೊಡುತ್ತದೆ. ಕನ್ನಡಕ್ಕೆ ಅದನ್ನು ನಂಬುವಂತಿಲ್ಲ. ಒತ್ತಕ್ಷರಗಳನ್ನು ಕಂಪ್ಯೂಟರ್ ತಪ್ಪಾಗಿ ಗುರುತಿಸಿ ಸಾಲುಸಾಲೇ ಕೆಟ್ಟಿರುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಅನ್ನೇ ಇಳಿಸಿಕೊಳ್ಳಬೇಕು.

ಸ್ಕ್ಯಾನ್ ಪಿಡಿಎಫ್ ಎಂದರೆ ಪುಟದ ಛಾಯಾಚಿತ್ರ. ಅಕ್ಷರ ದೊಡ್ಡದು ಮಾಡಿದರೆ ಸಾಲು ಮಡಚಿಕೊಳ್ಳುವುದಿಲ್ಲ, ಇಡೀ ಪುಟವೇ ಹಿಗ್ಗಿ ಸ್ಕ್ರೀನಿನ ಆಚೆ ಹೋಗುತ್ತದೆ. ಇಲ್ಲಿ ಇಂಚಿನ ಲೆಕ್ಕ ನಿಜವಾಗಿಯೂ ಮುಖ್ಯವಾಗುತ್ತದೆ. ಕನ್ನಡ ಪುಸ್ತಕಗಳ ಸಾಮಾನ್ಯ ಆಕಾರ ಡೆಮಿ 1/8, ಸುಮಾರು ಎಂಟೂವರೆ ಇಂಚು ಎತ್ತರ, ಐದೂವರೆ ಇಂಚು ಅಗಲ. ಆರು ಇಂಚಿನ ಇ-ರೀಡರ್ ಎಂದರೆ ಮೂಲೆಯಿಂದ ಮೂಲೆಗೆ ಆರು ಇಂಚು; ಎತ್ತರ 4.8, ಅಗಲ 3.6 ಇಂಚು. ಡೆಮಿ ಪುಟವನ್ನು ಇಡಿಯಾಗಿ ಅದರೊಳಗೆ ಕೂರಿಸಿದರೆ 12 ಪಾಯಿಂಟಿನ ಅಕ್ಷರ 7 ಪಾಯಿಂಟಿಗೂ ಕೆಳಗೆ ಇಳಿಯುತ್ತದೆ. ಇಂಗ್ಲಿಷಿನಲ್ಲಿ ಆ ಗಾತ್ರವನ್ನು ಕಷ್ಟಪಟ್ಟು ಓದಬಹುದು. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಆ ಒತ್ತಿಗೊಂದು ಒತ್ತು ಬರುವುದರಿಂದ ಕಣ್ಣು ಸೋಲುತ್ತದೆ. ಪುಟದ ನಾಲ್ಕು ಬದಿಯ ಖಾಲಿ ಜಾಗವನ್ನು ಕತ್ತರಿಸಿ ಅಕ್ಷರವಿರುವ ಭಾಗವನ್ನಷ್ಟೇ ತೋರಿಸಿದರೆ ಆರು ಇಂಚಿನಲ್ಲಿ ಮೂಲದ ಸುಮಾರು ಮೂರನೇ ಎರಡು ಭಾಗದ ಗಾತ್ರ ಸಿಗುತ್ತದೆ. ಅದೇ 7.8 ಇಂಚಿನ ಯಂತ್ರದಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ಬರುತ್ತದೆ. 10.3 ಇಂಚಿನ ಯಂತ್ರಕ್ಕೆ ಕತ್ತರಿಸುವ ಅಗತ್ಯವೇ ಇಲ್ಲ. ಅದರ ಎತ್ತರ 8.2 ಇಂಚು, ಪುಟ ಹೆಚ್ಚುಕಡಿಮೆ ಅಚ್ಚಾದ ಗಾತ್ರದಲ್ಲೇ ನಿಲ್ಲುತ್ತದೆ. ಈಗಾಗಲೇ ಆರು ಇಂಚಿನದ್ದು ಕೊಂಡವರು ಯಂತ್ರವನ್ನು ಅಡ್ಡ ತಿರುಗಿಸಿ, ಬದಿ ಕತ್ತರಿಸಿ, ಒಮ್ಮೆಗೆ ಅರ್ಧ ಪುಟದಂತೆ ಓದಬಹುದು. ಆಗ ಅಕ್ಷರ ಮೂಲ ಗಾತ್ರಕ್ಕಿಂತ ತುಸು ದೊಡ್ಡದಾಗಿಯೇ ಕಾಣುತ್ತದೆ. ಪುಟ ತಿರುಗಿಸುವ ಕೆಲಸ ಎರಡರಷ್ಟಾಗುತ್ತದೆ, ಅಷ್ಟೆ. ಗಳಗನಾಥರ ಐತಿಹಾಸಿಕ ಕಾದಂಬರಿ, ಹಳೆಯ ‘ಪ್ರಬುದ್ಧ ಕರ್ಣಾಟಕ’ದ ಸಂಚಿಕೆ ಇವುಗಳಿಗಾಗಿಯೇ ಇ-ರೀಡರ್ ಬೇಕೆನ್ನುವವರು 7.8 ಇಂಚಿಗಿಂತ ಕೆಳಗೆ ಇಳಿಯಬಾರದು; ಸಂಶೋಧನೆ ಮಾಡುವವರಿಗೆ 10.3 ಸರಿ.

ಮೂರನೆಯ ಬಗೆಯ ಪುಸ್ತಕಗಳು ಯುನಿಕೋಡ್ ಪಠ್ಯವಾಗಿ, ಅಂದರೆ ಕಂಪ್ಯೂಟರ್ ಕನ್ನಡ ಅಕ್ಷರವೆಂದೇ ಗುರುತಿಸುವ ರೂಪದಲ್ಲಿ ಇರುವಂಥವು. ಸಂಖ್ಯೆಯಲ್ಲಿ ಕಡಿಮೆ, ಓದುವ ಸುಖದಲ್ಲಿ ಎಲ್ಲಕ್ಕಿಂತ ಮೇಲು. ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದು, ಸಾಲುಗಳು ತಾವಾಗಿ ಹೊಂದಿಕೊಳ್ಳುತ್ತವೆ. ಅರವತ್ತು ದಾಟಿದ ಓದುಗರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಕನ್ನಡ ವಿಕಿಸೋರ್ಸ್‌ನಲ್ಲಿ ಕುಮಾರವ್ಯಾಸ ಭಾರತ, ವಚನಗಳು, ದಾಸರ ಪದಗಳು ಈ ರೂಪದಲ್ಲಿವೆ. ಅಲ್ಲಿಂದ ಇಪಬ್ ಆಗಿ ಇಳಿಸಿಕೊಳ್ಳುವ ಸೌಲಭ್ಯವೂ ಇದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅದೇ ವರ್ಷ ನಿರಂಜನರ ಕುಟುಂಬದವರು ಅವರ ಕೃತಿಗಳನ್ನು ಹಾಗೆಯೇ ಮುಕ್ತಗೊಳಿಸಿದರು. ಕೃತಿಸ್ವಾಮ್ಯ ಇನ್ನೂ ದಶಕಗಟ್ಟಲೆ ಉಳಿದಿದ್ದಾಗ ಲೇಖಕರೊಬ್ಬರ ವಾರಸುದಾರರು ತೋರಿದ ಈ ಔದಾರ್ಯಕ್ಕೆ ಕನ್ನಡದಲ್ಲಿ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಇಂಥ ಪಠ್ಯವನ್ನು ಓದಲು ಯಂತ್ರಕ್ಕೆ ಒಂದು ವಿದ್ಯೆ ಗೊತ್ತಿರಬೇಕು: ಕನ್ನಡದ ಗುಣಿತ ಮತ್ತು ಒತ್ತುಗಳನ್ನು ಸರಿಯಾದ ಜಾಗದಲ್ಲಿ ಜೋಡಿಸುವುದು. ಫಾಂಟ್ ಇದ್ದ ಮಾತ್ರಕ್ಕೆ ಅದು ಆಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಆ ಜೋಡಣೆಯನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಕೆಒ-ರೀಡರ್ ಎಂಬ ಉಚಿತ ಓದು ತಂತ್ರಾಂಶವೂ ಅದನ್ನೇ ಬಳಸುತ್ತದೆ. ಕೋಬೋ ಮತ್ತು ಪಾಕೆಟ್‌ಬುಕ್ ಯಂತ್ರಗಳಲ್ಲಿ ಕೆಒ-ರೀಡರನ್ನು ಹಾಕಿಕೊಳ್ಳಬಹುದು, ನಮಗೆ ಬೇಕಾದ ಫಾಂಟನ್ನೂ ಸೇರಿಸಬಹುದು. ನೋಟೋ ಸೆರಿಫ್ ಕನ್ನಡ, ಟಿರೊ ಕನ್ನಡ, ಗುಬ್ಬಿ, ನವಿಲು ಎಲ್ಲವೂ ಉಚಿತವಾಗಿ ಸಿಗುತ್ತವೆ. ದೀರ್ಘ ಓದಿಗೆ ಟಿರೊ ಕನ್ನಡದಂಥ ಪುಸ್ತಕದ ಅಕ್ಷರವೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಸ್ಕ್ಯಾನ್ ಪುಟದ ಬದಿ ಕತ್ತರಿಸುವುದರಲ್ಲೂ ಕೆಒ-ರೀಡರ್ ನುರಿತದ್ದು.

ಪಠ್ಯರೂಪದ ಕನ್ನಡ ಪುಸ್ತಕಗಳು ಏಕೆ ಇಷ್ಟು ಕಡಿಮೆ? ಪ್ರಕಾಶಕರ ಉದಾಸೀನ ಎಂದು ದೂರುವುದು ಸುಲಭ. ಅರ್ಧ ಕಾರಣ ಅವರ ಕಂಪ್ಯೂಟರಿನಲ್ಲೇ ಇದೆ. ಕಳೆದ ಮೂರು ದಶಕಗಳಲ್ಲಿ ನಮ್ಮ ಡಿಟಿಪಿ ಕೇಂದ್ರಗಳು ಪುಟ ಕಟ್ಟಿದ್ದು ಹೆಚ್ಚಾಗಿ ಪೇಜ್‌ಮೇಕರಿನಲ್ಲಿ. ಬಳಸಿದ್ದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳನ್ನು. ಅವುಗಳಲ್ಲಿ ಕಂಪ್ಯೂಟರಿನ ಮಟ್ಟಿಗೆ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ತುಣುಕು ಆಕಾರಗಳನ್ನು ಕೂರಿಸಿ ಕಣ್ಣಿಗೆ ಕನ್ನಡವಾಗಿ ತೋರಿಸುವ ಏರ್ಪಾಡು ಅದು. ಮುದ್ರಣಕ್ಕೆ ಯಾವ ತೊಂದರೆಯೂ ಆಗಲಿಲ್ಲ. ಅದನ್ನು ಯುನಿಕೋಡಿಗೆ ತರುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತುಗಳು ಅದಲುಬದಲಾಗುತ್ತವೆ, ಪದಗಳ ನಡುವಿನ ಅಂತರ ಹೋಗುತ್ತದೆ. ಪರಿವರ್ತಕ ತಂತ್ರಾಂಶಗಳಿವೆ, ಅವು ಕೆಲಸದ ಬಹುಭಾಗವನ್ನು ಮಾಡುತ್ತವೆ. ಉಳಿದದ್ದಕ್ಕೆ ಮನುಷ್ಯರೇ ಕೂತು ಇನ್ನೊಮ್ಮೆ ಪೂರ್ತಿ ಕರಡು ತಿದ್ದಬೇಕು. ಸಾವಿರ ಪ್ರತಿ ಅಚ್ಚು ಹಾಕಿ, ಅದು ಖರ್ಚಾಗಲು ವರ್ಷಗಟ್ಟಲೆ ಕಾಯುವ ಪ್ರಕಾಶಕರಿಗೆ ಹಳೆಯ ಪುಸ್ತಕವೊಂದಕ್ಕೆ ಎರಡನೆಯ ಸಲ ಕರಡು ತಿದ್ದಿಸುವ ಖರ್ಚು ಭಾರವೇ ಸರಿ. ಹೊಸ ಪುಸ್ತಕಗಳಿಗೆ ಈ ನೆಪ ಇಲ್ಲ. ಯುನಿಕೋಡನ್ನು ಸರಿಯಾಗಿ ನಿಭಾಯಿಸುವ ಪುಟವಿನ್ಯಾಸ ತಂತ್ರಾಂಶಗಳು ಬಂದು ವರ್ಷಗಳಾಗಿವೆ. ಮೊದಲ ದಿನದಿಂದ ಯುನಿಕೋಡಿನಲ್ಲಿ ಕಟ್ಟಿದರೆ ಅದೇ ಪಠ್ಯದಿಂದ ಅಚ್ಚಿನ ಪುಟವೂ ಇಪಬ್ ಕೂಡ ಹೊರಡುತ್ತವೆ.

ಈಗ ಯಂತ್ರದ ಮಾತಿಗೆ ಬರಬಹುದು. ಹೊಸ ಕನ್ನಡ ಪುಸ್ತಕ ಕೊಂಡು ಓದುವುದೂ ಬೇಕು, ಹಳೆಯ ಸ್ಕ್ಯಾನ್‌ಗಳೂ ಬೇಕು ಎನ್ನುವವರಿಗೆ ಆಂಡ್ರಾಯ್ಡ್ ಇರುವ, 7.8 ಇಂಚು ಅಥವಾ ಅದಕ್ಕಿಂತ ದೊಡ್ಡ ಇ ಇಂಕ್ ಯಂತ್ರವೇ ತಕ್ಕದ್ದು; ಬೂಕ್ಸ್ ಈ ಬಗೆಯಲ್ಲಿ ಹೆಚ್ಚು ಮಾದರಿಗಳನ್ನು ತಯಾರಿಸುತ್ತದೆ. ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್, ರಾಜ್ಯದ ಗ್ರಂಥಾಲಯ ಇಲಾಖೆ 2020ರಲ್ಲಿ ಆರಂಭಿಸಿದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಎಲ್ಲವನ್ನೂ ಒಂದೇ ಯಂತ್ರದಲ್ಲಿ ತೆರೆದು ನೋಡಬಹುದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮೊಬೈಲಿಗೆಂದು ಮಾಡಿದ ಆ್ಯಪ್‌ಗಳು ಇ ಇಂಕ್ ಮೇಲೆ ನಿಧಾನ, ಪುಟ ಸರಿಯುವಾಗ ಹಿಂದಿನ ಅಕ್ಷರಗಳ ನೆರಳು ಉಳಿಯುತ್ತದೆ, ಬ್ಯಾಟರಿ ಕಿಂಡಲ್‌ನಷ್ಟು ದಿನ ಬರುವುದಿಲ್ಲ, ಹಣವೂ ಹೆಚ್ಚು. ಹಳೆಯ ಪುಸ್ತಕ ಮತ್ತು ಇಪಬ್‌ಗಳಷ್ಟೇ ಸಾಕು ಎನ್ನುವವರು ಕೋಬೋ ಅಥವಾ ಪಾಕೆಟ್‌ಬುಕ್‌ಗೆ ಕೆಒ-ರೀಡರ್ ಹಾಕಿ ನೆಮ್ಮದಿಯಿಂದ ಇರಬಹುದು. ಓದಿನ ಹತ್ತರಲ್ಲಿ ಒಂಬತ್ತು ಪಾಲು ಇಂಗ್ಲಿಷೇ ಆಗಿರುವವರಿಗೆ ಕಿಂಡಲ್ ಒಳ್ಳೆಯ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ 70 ಸಾವಿರಕ್ಕೂ ಹೆಚ್ಚು ಉಚಿತ ಪುಸ್ತಕಗಳು, ಅವುಗಳಲ್ಲಿ ಆಯ್ದವನ್ನು ಅಂದವಾಗಿ ಮರುವಿನ್ಯಾಸ ಮಾಡಿ ಕೊಡುವ ಸ್ಟಾಂಡರ್ಡ್ ಇಬುಕ್ಸ್ ಎರಡೂ ಅದಕ್ಕೆ ಹೊಂದುತ್ತವೆ. ಕಿಂಡಲ್‌ಗೂ ಕೆಒ-ರೀಡರ್ ಹಾಕಬಹುದಲ್ಲ ಎಂದು ಬಲ್ಲವರು ಹೇಳುತ್ತಾರೆ. ಅದಕ್ಕೆ ಕಂಪನಿಯ ಬೀಗ ಮುರಿಯಬೇಕು, ಮುಂದಿನ ಅಪ್‌ಡೇಟ್ ಬಂದಾಗ ಮತ್ತೆ ಮುಚ್ಚಿಕೊಳ್ಳಬಹುದು; ಓದಲೆಂದು ಯಂತ್ರ ಕೊಂಡವರಿಗೆ ಆ ದಾರಿ ಹೇಳಲಾರೆ.

ಕಿಂಡಲ್ ಅಗ್ಗ, ಸುಲಭ, ದೂರು ದುರಸ್ತಿಗೆ ವ್ಯವಸ್ಥೆಯಿದೆ, ಇಷ್ಟೆಲ್ಲ ತಾಪತ್ರಯ ಏಕೆ ಎಂಬ ಪ್ರಶ್ನೆ ಇಲ್ಲಿ ಸಹಜ. ಯಂತ್ರದ ಜೊತೆಗೆ ನಮ್ಮ ಪುಸ್ತಕಗಳ ಕೀಲಿಕೈ ಯಾರ ಕೈಗೆ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2009ರ ಜುಲೈನಲ್ಲಿ ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳನ್ನು ಅಮೆಜಾನ್ ಗ್ರಾಹಕರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಅವನ್ನು ಮಾರಾಟಕ್ಕಿಟ್ಟವರಿಗೆ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ಹಿಂದಿರುಗಿಸಿತು, ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ಮಾಯವಾದವು, ಹಣ ಮರಳಿತು. 2025ರ ಫೆಬ್ರುವರಿ 26ರಿಂದ ಕಿಂಡಲ್‌ನಲ್ಲಿ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ದಾಟಿಸುವ ಸೌಲಭ್ಯ ನಿಂತಿತು. ದೈತ್ಯ ಕಂಪನಿಗಳ ಅಂಗಡಿಗಳದ್ದೇ ಈ ಕಥೆಯಾದರೆ, ಸಣ್ಣ ಬಂಡವಾಳದ ಕನ್ನಡ ಆ್ಯಪ್‌ಗಳ ಆಯಸ್ಸಿನ ಬಗ್ಗೆ ಓದುಗರು ಯೋಚಿಸುವುದು ಅಪನಂಬಿಕೆಯಲ್ಲ, ಎಚ್ಚರ. ಅವುಗಳಲ್ಲಿ ಕೊಳ್ಳಬೇಡಿ ಎಂದು ಇದರ ಅರ್ಥವಲ್ಲ. ಕೊಂಡರಷ್ಟೇ ಅವು ಬದುಕುತ್ತವೆ. ಆದರೆ ಬೀಗವಿಲ್ಲದ ಇಪಬ್ ಕೊಡುವ ಪ್ರಕಾಶಕರು ಸಿಕ್ಕಲ್ಲಿ ಅವರಿಂದಲೇ ಕೊಳ್ಳಿ, ಬಂದದ್ದನ್ನು ಕಂಪ್ಯೂಟರಿನಲ್ಲಿ ಕಾಪಿಟ್ಟುಕೊಳ್ಳಿ. ಅದಕ್ಕೆ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶವಿದೆ. ಕೋವಿದ್ ಗೋಯಲ್ ಎಂಬುವರು 2006ರಲ್ಲಿ ಆರಂಭಿಸಿದ ಇದು ಪುಸ್ತಕಗಳ ಪಟ್ಟಿ ಇಡುತ್ತದೆ, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುತ್ತದೆ, ಯಾವ ಯಂತ್ರಕ್ಕೆ ಬೇಕಾದರೂ ಕಳಿಸುತ್ತದೆ.

ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಕನ್ನಡ ಪಿಡಿಎಫ್‌ಗಳು ಬೇಕಾದಷ್ಟು ಹರಿದಾಡುತ್ತಿವೆ. ಕಾನೂನುಬದ್ಧ ಇ-ಪುಸ್ತಕವೇ ಇಲ್ಲದಿದ್ದಾಗ ಬೇರೇನು ಮಾಡುವುದು ಎಂದು ಕೇಳುವವರಿಗೆ ನನ್ನ ಉತ್ತರ ಎರಡು. ಬದುಕಿರುವ ಲೇಖಕರ, ಅಚ್ಚಿನಲ್ಲಿರುವ ಪುಸ್ತಕವನ್ನು ಹೀಗೆ ಹಂಚುವುದು ಸಾವಿರ ಪ್ರತಿಯ ಮಾರುಕಟ್ಟೆಯಲ್ಲಿ ನೇರ ಹೊಡೆತ. ಅದಕ್ಕೆ ಸಮಜಾಯಿಷಿ ಇಲ್ಲ. ಇನ್ನೊಂದು, ಕದಿಯದೆಯೇ ಓದಲು ನಮ್ಮಲ್ಲಿ ಇರುವುದನ್ನೇ ನಾವು ಪೂರ್ತಿ ನೋಡಿಲ್ಲ. ಭಾರತದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1992ಕ್ಕೆ ಮೊದಲು ಇದು 50 ವರ್ಷವಿತ್ತು. ಈ ಲೆಕ್ಕದಲ್ಲಿ ಮುದ್ದಣ, ಗುಲ್ವಾಡಿ ವೆಂಕಟರಾವ್, ಬಿ. ವೆಂಕಟಾಚಾರ್ಯ, ಕೆರೂರ ವಾಸುದೇವಾಚಾರ್ಯ, ಎಂ.ಎಸ್. ಪುಟ್ಟಣ್ಣ, ಪಂಜೆ ಮಂಗೇಶರಾಯ, ಕೊಡಗಿನ ಗೌರಮ್ಮ, ಗಳಗನಾಥ, ಬಿಎಂಶ್ರೀ, ಕೈಲಾಸಂ ಎಲ್ಲರೂ ಮುಕ್ತ. 1963ರಲ್ಲಿ ತೀರಿಕೊಂಡ ಗೋವಿಂದ ಪೈ ಮತ್ತು ತ್ರಿವೇಣಿ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ, ಆಲೂರು ವೆಂಕಟರಾಯರವು 2025ರ ಜನವರಿ 1ರಿಂದ ಎಲ್ಲರ ಆಸ್ತಿ. ಮರಣಾನಂತರ ಪ್ರಕಟವಾದ ಕೃತಿಗಳ ಲೆಕ್ಕ ಬೇರೆ. ಇತ್ತೀಚಿನ ಸಂಪಾದಕರ ಮುನ್ನುಡಿ, ಟಿಪ್ಪಣಿಗಳ ಹಕ್ಕೂ ಅವರದ್ದೇ. ತ್ರಿವೇಣಿಯವರ ಕಾದಂಬರಿಗಳನ್ನು ಇಂದಿಗೂ ಕೊಂಡು ಓದುವವರಿದ್ದಾರೆ. ಅಂಥ ಜನಪ್ರಿಯ ಲೇಖಕಿಯ ಬರಹ ಮುಕ್ತವಾದದ್ದು ಕನ್ನಡ ಇ-ಪುಸ್ತಕದ ಚರಿತ್ರೆಯಲ್ಲಿ ದೊಡ್ಡ ಸಂಗತಿಯಾಗಬೇಕಿತ್ತು. ಸದ್ದಿಲ್ಲದೆ ಕಳೆದುಹೋಯಿತು.

ನೆರೆಯ ತಮಿಳಿನಲ್ಲಿ ಹೀಗಾಗುವುದಿಲ್ಲ. 1998ರ ಪೊಂಗಲ್ ದಿನ ಆರಂಭವಾದ ಪ್ರಾಜೆಕ್ಟ್ ಮದುರೈಯಲ್ಲಿ ನಾನಾ ದೇಶಗಳಲ್ಲಿರುವ ತಮಿಳರು ಸಂಗಂ ಸಾಹಿತ್ಯದಿಂದ ಹಿಡಿದು ಇಪ್ಪತ್ತನೆಯ ಶತಮಾನದ ಬರಹದವರೆಗೆ ಕೈಯಿಂದ ಬೆರಳಚ್ಚಿಸಿ, ಕರಡು ತಿದ್ದಿ ಸೇರಿಸುತ್ತಿದ್ದಾರೆ. ತಮಿಳುನಾಡು ಸರ್ಕಾರ ಲೇಖಕರ ವಾರಸುದಾರರಿಗೆ ಹಣ ಕೊಟ್ಟು ಕೃತಿಗಳನ್ನು ರಾಷ್ಟ್ರೀಕರಣಗೊಳಿಸುವ ಪದ್ಧತಿಯನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ. ಕಿಂಡಲ್‌ನ ಐದು ಭಾಷೆಗಳಲ್ಲಿ ತಮಿಳು ಸೇರಿದ್ದಕ್ಕೆ ಮಾರುಕಟ್ಟೆಯ ಗಾತ್ರವಷ್ಟೇ ಕಾರಣ ಎಂದು ಸಮಾಧಾನ ಪಟ್ಟುಕೊಳ್ಳುವ ಮೊದಲು ಈ ದುಡಿಮೆಯನ್ನೂ ನೋಡಬೇಕು. ಕರ್ನಾಟಕದಲ್ಲಿ ಹಣವಿಲ್ಲವೆಂದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಡಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಅದರ ಬಲದ ಮೇಲೆ ಇಲಾಖೆ ಪುಸ್ತಕಗಳ ಸಗಟು ಖರೀದಿ ಮಾಡುತ್ತದೆ. ಅಕಾಡೆಮಿಗಳು, ಪ್ರಾಧಿಕಾರಗಳು, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಸಾರ್ವಜನಿಕರ ಹಣದಲ್ಲೇ ಪುಸ್ತಕ ಹೊರತರುತ್ತವೆ. ಹೀಗೆ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಯುನಿಕೋಡ್ ಇಪಬ್ ಕೂಡ ಕಡ್ಡಾಯ ಎಂದು ಒಂದು ಆದೇಶ ಹೊರಡಿಸಲು ಹೊಸ ಯೋಜನೆಯೂ ಬೇಕಿಲ್ಲ, ಹೊಸ ಸಮಿತಿಯೂ ಬೇಕಿಲ್ಲ. ಖಾಸಗಿ ಪ್ರಕಾಶಕರಿಗೆ, ಸಗಟು ಖರೀದಿಯ ಜೊತೆಯಲ್ಲಿ ಇ-ಪುಸ್ತಕಕ್ಕೆ ಪ್ರತ್ಯೇಕ ಬೆಲೆ ಕೊಟ್ಟು ಡಿಜಿಟಲ್ ಗ್ರಂಥಾಲಯಕ್ಕೆ ಕೊಳ್ಳಬಹುದು.

ಇಪಬ್ ಕೊಟ್ಟರೆ ಕದಿಯುತ್ತಾರೆ ಎಂಬ ಭಯ ಪ್ರಕಾಶಕರಲ್ಲಿ ಗಟ್ಟಿಯಾಗಿದೆ. ಮೊಬೈಲಿನಲ್ಲಿ ಪುಟಗಳ ಫೋಟೊ ತೆಗೆದು ಪಿಡಿಎಫ್ ಮಾಡುವುದು ಒಂದು ಗಂಟೆಯ ಕೆಲಸವಾಗಿರುವಾಗ, ಇಪಬ್ ತಡೆಹಿಡಿಯುವುದರಿಂದ ಕಳ್ಳತನ ನಿಂತಿಲ್ಲ. ಪ್ರಾಮಾಣಿಕವಾಗಿ ಕೊಳ್ಳಬಯಸುವವರಿಗೆ ದಾರಿ ಮುಚ್ಚಿದೆ, ಅಷ್ಟೆ. ಅದಕ್ಕಿಂತ ಹೆಚ್ಚಾಗಿ, ಯುನಿಕೋಡ್ ಪಠ್ಯವಿಲ್ಲದೆ ಓದಲೇ ಆಗದ ಓದುಗರು ಇದ್ದಾರೆ. ದೃಷ್ಟಿಯಿಲ್ಲದವರಿಗೆ ಕಂಪ್ಯೂಟರ್ ಪುಸ್ತಕ ಓದಿ ಹೇಳಬೇಕಾದರೆ ಅದರಲ್ಲಿ ನಿಜವಾದ ಅಕ್ಷರ ಇರಬೇಕು. ಸ್ಕ್ಯಾನ್ ಪುಟ ಅದಕ್ಕೆ ಬರೀ ಚಿತ್ರ, ನುಡಿ ಫಾಂಟಿನ ಹಳೆಯ ಕಡತ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಗೊಂದಲ. ದೃಷ್ಟಿದೋಷವುಳ್ಳವರಿಗೆ ಪುಸ್ತಕ ತಲುಪಿಸುವ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಅವರಿಗೆ ಓದಲಾಗುವ ರೂಪಕ್ಕೆ ಪುಸ್ತಕವನ್ನು ಬದಲಿಸಲು ನಮ್ಮ ಕಾಯಿದೆಯಲ್ಲಿ 2012ರಿಂದಲೇ ಅವಕಾಶವಿದೆ. ಕಾನೂನು ಬಾಗಿಲು ತೆರೆದಿಟ್ಟಿದೆ, ಒಳಗೆ ಇಡಲು ಕನ್ನಡ ಪಠ್ಯ ಸಾಲದು.

ಯಂತ್ರ ಕೊಳ್ಳಲು ಹೊರಟಿರುವವರು ಹಣ ಕೊಡುವ ಮೊದಲು ಎರಡು ಕಡತಗಳನ್ನು ಅದರಲ್ಲಿ ತೆರೆದು ನೋಡಲಿ: ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿದ ಒಂದು ಡೆಮಿ ಗಾತ್ರದ ಸ್ಕ್ಯಾನ್, ವಿಕಿಸೋರ್ಸ್‌ನಿಂದ ಇಳಿಸಿದ ಒಂದು ಇಪಬ್. ಸ್ವಾತಂತ್ರ್ಯ, ರಾಷ್ಟ್ರ, ಸೂರ್ಯ ಎಂಬ ಮೂರು ಪದಗಳು ಸರಿಯಾಗಿ ಮೂಡಿದರೆ, ಸ್ಕ್ಯಾನಿನ ಅಕ್ಷರ ಕನ್ನಡಕ ಸರಿಪಡಿಸಿಕೊಳ್ಳದೆ ಓದಲು ಬಂದರೆ, ಮಿಕ್ಕ ಗುಣವಿಶೇಷಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಪುಸ್ತಕ ಹೆಚ್ಚಿಸುವ ಕೆಲಸದಲ್ಲಿ ಓದುಗರಿಗೂ ಪಾಲಿದೆ; ವಿಕಿಸೋರ್ಸ್‌ನಲ್ಲಿ ಯಾರು ಬೇಕಾದರೂ ದಿನಕ್ಕೊಂದು ಪುಟದ ಕರಡು ತಿದ್ದಬಹುದು. ಅದಕ್ಕೆ ಹತ್ತಿರದ ಒಂದು ಗುರಿಯೂ ಇದೆ. 1966ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ತೀ.ನಂ. ಶ್ರೀಕಂಠಯ್ಯನವರ ಬರಹ 2027ರ ಜನವರಿ 1ಕ್ಕೆ ಮುಕ್ತವಾಗಲಿದೆ. 1953ರಲ್ಲಿ ಪ್ರಕಟವಾದ ಅವರ ‘ಭಾರತೀಯ ಕಾವ್ಯಮೀಮಾಂಸೆ’ ಕನ್ನಡ ಎಂ.ಎ. ವಿದ್ಯಾರ್ಥಿಗಳು ತಲೆಮಾರುಗಳಿಂದ ಓದುತ್ತ ಬಂದ ಗ್ರಂಥ. ಸಂಸ್ಕೃತ ಶ್ಲೋಕ, ಹಳಗನ್ನಡ ಪದ್ಯ, ಅಡಿಟಿಪ್ಪಣಿಗಳಿಂದ ತುಂಬಿದ ಅದನ್ನು ಯಂತ್ರ ತಾನಾಗಿ ಓದಿ ಪಠ್ಯವಾಗಿಸಲಾರದು. ಒಂದು ಕನ್ನಡ ವಿಭಾಗದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಅಧ್ಯಾಯಗಳನ್ನು ಹಂಚಿಕೊಂಡು ಕೂತರೆ ಒಳ್ಳೆಯ ಇಪಬ್ ಆವೃತ್ತಿಯೊಂದನ್ನು ಹೊರತರುವುದು ಅವರ ಕೈಮೀರಿದ ಕೆಲಸವಲ್ಲ.